ಲೇತ್ ಯಂತ್ರ ಹತ್ತನೆಯ ಮಹಡಿ ಏರುವುದಿಲ್ಲ

ಪ್ರಶ್ನೆ: ನನ್ನ ಅಜ್ಜ ಬೊಂಬಾಯಿಯ ಬಟ್ಟೆ ಗಿರಣಿಯಲ್ಲಿದ್ದರು. 1982ರ ಮುಷ್ಕರದಲ್ಲಿ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಅಪ್ಪ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ದುಡಿದು 2001ರಲ್ಲಿ ಸ್ವಯಂನಿವೃತ್ತಿ ಪಡೆದರು. ಈಗ ಕೇಳಿದರೆ ಎಲ್ಲರೂ ‘ಕಾರ್ಖಾನೆಯ ಕಾಲ ಮುಗಿಯಿತು, ಬೆಂಗಳೂರು ಈಗ ಸೇವಾ ವಲಯದ ಊರು’ ಎನ್ನುತ್ತಾರೆ. ದೊಡ್ಡ ನಗರದಲ್ಲಿ ಕಾರ್ಖಾನೆ ಕೆಲಸ ಕರಗಿ ಸೇವಾ ಕೆಲಸ ಆಗುವುದು ಹೇಗೆ? ಇದು ಏಳಿಗೆಯೋ, ಟೊಳ್ಳೋ? ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಸೇರುತ್ತೇನೆ ಎನ್ನುತ್ತಾನೆ. ಮನೆಯವಳು ಪಿಯುಸಿ ಕಾಮರ್ಸ್ ಮಾಡಿಸಿ, ಬಿಕಾಂ ಮುಗಿಸಿ ಬೆಂಗಳೂರಿಗೆ ಕಳಿಸೋಣ ಎನ್ನುತ್ತಾಳೆ. ನಮ್ಮ ತಾಲ್ಲೂಕಿನ ಕೇಣಿಯಲ್ಲಿ ಬಂದರು ಆದರೆ ಊರಿನಲ್ಲೇ ಕೆಲಸ ಸಿಕ್ಕೀತೇ?
(ಅಂಕೋಲಾದ ಓದುಗರು)

ಉತ್ತರ: ನಿಮ್ಮ ಪತ್ರದ ಒಂದು ಶಬ್ದಕ್ಕೆ ಮೊದಲು ತಕರಾರು ಎತ್ತುತ್ತೇನೆ. ಕಾರ್ಖಾನೆ ಕೆಲಸ ‘ಕರಗಿ’ ಸೇವಾ ಕೆಲಸ ಆಗುತ್ತದೆ ಎಂದು ಬರೆದಿದ್ದೀರಿ. ಬೆಲ್ಲ ಕರಗಿ ಪಾನಕವಾದಂತೆ ಇದು ನಡೆಯುವುದಿಲ್ಲ. ಹೋಗುವ ಕೆಲಸ ಒಬ್ಬರದು, ಬರುವ ಕೆಲಸ ಇನ್ನೊಬ್ಬರದು. ನಿಮ್ಮ ಅಜ್ಜ ನಿಂತಿದ್ದ ಮಗ್ಗದ ಜಾಗದಲ್ಲಿ ಇಂದು ಯಾರೋ ಕಂಪ್ಯೂಟರಿನ ಮುಂದೆ ಕುಳಿತಿರಬಹುದು. ಅವರು ನಿಮ್ಮ ಅಜ್ಜನ ಮೊಮ್ಮಗನಲ್ಲ ಎಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ. ನಗರದ ಒಟ್ಟು ಲೆಕ್ಕದಲ್ಲಿ ಒಂದು ಕಾಲಂ ಇಳಿದು ಇನ್ನೊಂದು ಏರಿದಾಗ ನಮ್ಮಂಥವರು ಅದಕ್ಕೆ ‘ಸ್ಥಿತ್ಯಂತರ’ ಎಂದು ಗಂಭೀರವಾದ ಹೆಸರು ಕೊಡುತ್ತೇವೆ. ಮನೆಮನೆಯ ಲೆಕ್ಕ ಬೇರೆಯೇ ಇರುತ್ತದೆ. ಶಿರಸಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದ ನಾನೂ ಬಹುಕಾಲ ಕಾಲಂ ನೋಡಿಯೇ ಪಾಠ ಮಾಡಿದವನು.

ಪಠ್ಯಪುಸ್ತಕದ ಉತ್ತರವನ್ನು ಬೇಗ ಹೇಳಿ ಮುಗಿಸುತ್ತೇನೆ. 1930ರ ದಶಕದಲ್ಲಿ ಫಿಶರ್, 1940ರಲ್ಲಿ ಕಾಲಿನ್ ಕ್ಲಾರ್ಕ್ ಎಂಬ ಅರ್ಥಶಾಸ್ತ್ರಜ್ಞರು ಹೇಳಿದ್ದು ಇಷ್ಟು: ದೇಶ ಬಡದಾಗಿದ್ದಾಗ ಹೆಚ್ಚಿನ ಜನ ಹೊಲದಲ್ಲಿರುತ್ತಾರೆ. ಆದಾಯ ಏರಿದಂತೆ ಕಾರ್ಖಾನೆಗೆ ಹೋಗುತ್ತಾರೆ, ಇನ್ನೂ ಏರಿದರೆ ಅಂಗಡಿ, ಶಾಲೆ, ಆಸ್ಪತ್ರೆ, ಬ್ಯಾಂಕು, ಹೋಟೆಲಿಗೆ. ಹೊಟ್ಟೆ ತುಂಬಿದವನು ಎರಡು ಪಟ್ಟು ಅನ್ನ ಉಣ್ಣುವುದಿಲ್ಲ, ಬಟ್ಟೆ ಕೊಳ್ಳುತ್ತಾನೆ. ಕಪಾಟು ತುಂಬಿದವನು ಮಗಳನ್ನು ಟ್ಯೂಷನ್‌ಗೆ ಕಳಿಸುತ್ತಾನೆ, ಮಂಡಿ ನೋವಿಗೆ ತಜ್ಞರನ್ನು ಹುಡುಕುತ್ತಾನೆ. ಇದರ ಜೊತೆಗೆ ಯಂತ್ರ ಚುರುಕಾದಷ್ಟೂ ಅಷ್ಟೇ ಸರಕಿಗೆ ಕಡಿಮೆ ಕೈ ಸಾಕು. ಇಷ್ಟರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿದರೆ ನಿಮ್ಮ ಅಜ್ಜ ಏಕೆ ಮರಳಿದರು, ಅಪ್ಪ ಏಕೆ ಮೊದಲೇ ನಿವೃತ್ತರಾದರು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಸಮುದ್ರದ ಕಡೆ ಹೋಗಬೇಕು.

ಕಾರವಾರದ ಬೈತಖೋಲದಲ್ಲಿ ಒಂದು ದೋಣಿ ಬರಿಗೈಯಲ್ಲಿ ದಡಕ್ಕೆ ಬಂತು ಎಂದುಕೊಳ್ಳಿ. ಅನುಭವಿ ಮೀನುಗಾರ ಮೂರು ಸಂಗತಿ ಕೇಳುತ್ತಾನೆ. ಇಡೀ ಕಡಲಲ್ಲೇ ಈ ಸಲ ಮೀನಿಲ್ಲವೇ? ಅಥವಾ ಬಾಕಿ ಮೀನು ಇದ್ದು, ನಾವು ಬೆನ್ನು ಹತ್ತಿದ ಬಂಗುಡೆ ಮಾತ್ರ ಕಾಣೆಯಾಗಿದೆಯೇ? ಅಥವಾ ಬಂಗುಡೆಯೂ ಇದೆ, ಪಕ್ಕದ ದೋಣಿಗೆ ಸಿಕ್ಕಿದೆ, ನಮ್ಮ ಬಲೆಯೇ ಹರಿದಿದೆಯೇ? ನಗರದ ಉದ್ಯೋಗ ಕುಸಿದಾಗ ನಾವು ಮಾಡುವ ಲೆಕ್ಕವೂ ಇದೇ ಮೂರು ಭಾಗದ್ದು: ದೇಶದ ಒಟ್ಟು ಏರಿಳಿತದ ಪಾಲೆಷ್ಟು, ಆ ಉದ್ಯಮದ ಪಾಲೆಷ್ಟು, ಆ ಊರಿನದೇ ಪಾಲೆಷ್ಟು. ಮೂರನ್ನೂ ಬೇರ್ಪಡಿಸದೆ ‘ಕಾರ್ಖಾನೆಯ ಕಾಲ ಮುಗಿಯಿತು’ ಎನ್ನುವವರು ಬಲೆ ನೋಡದೆ ಕಡಲನ್ನು ಬೈಯುವವರು.

ಈಗ ಅಜ್ಜನ ಗಿರಣಿಯನ್ನು ಈ ಲೆಕ್ಕಕ್ಕೆ ಹಾಕಿ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಒಂದೂವರೆ ವರ್ಷ ಕಳೆದರೂ ಮುಗಿಯಿತು ಎಂದು ಯಾರೂ ಘೋಷಿಸಲಿಲ್ಲ. ಆ ಮುಷ್ಕರ ಗೆಲ್ಲಲಿಲ್ಲ, ಕಾಗದದ ಮೇಲೆ ಸೋಲಲೂ ಇಲ್ಲ, ಹಾಗೇ ಸವೆದುಹೋಯಿತು. ಆದರೆ ಆ ವರ್ಷಗಳಲ್ಲಿ ದೇಶದ ಜನ ಬಟ್ಟೆ ಉಡುವುದನ್ನು ಬಿಟ್ಟರೇ? ನೇಯ್ಗೆ ಭಿವಂಡಿ, ಮಾಲೆಗಾಂವ್, ಇಚಲಕರಂಜಿಯ ವಿದ್ಯುತ್ ಮಗ್ಗಗಳಿಗೆ ಹೋಗಿತ್ತು. ಮುಷ್ಕರಕ್ಕೂ ಮೊದಲೇ ಹೋಗತೊಡಗಿತ್ತು. ಅಲ್ಲಿ ಕೂಲಿ ಕಡಿಮೆ, ಸಂಘವಿಲ್ಲ, ತೆರಿಗೆಯೂ ಹಗುರ. ಅಂದರೆ ಕಡಲಲ್ಲಿ ಮೀನಿತ್ತು. ಬಂಗುಡೆಯೂ ಇತ್ತು. ಹರಿದದ್ದು ಬೊಂಬಾಯಿಯ ಬಲೆ. ಮುಷ್ಕರ ಅದನ್ನು ಹರಿಯಿತು ಎನ್ನುವುದಕ್ಕಿಂತ, ಹರಿದದ್ದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಿತು ಎನ್ನುವುದು ನನ್ನ ಅಭಿಪ್ರಾಯ.

ಆಮೇಲೆ ನಡೆದದ್ದು ನೆಲದ ಕಥೆ. ಗಿರಣಿಯಲ್ಲಿ ನೇಯುವ ಬಟ್ಟೆಗಿಂತ ಗಿರಣಿ ನಿಂತಿದ್ದ ನೆಲಕ್ಕೆ ಹೆಚ್ಚು ಬೆಲೆ ಬಂದಿತ್ತು. 1991ರ ನಿಯಮ ಗಿರಣಿ ನೆಲದ ಮೂರರಲ್ಲಿ ಒಂದು ಭಾಗ ಪಾಲಿಕೆಗೆ, ಒಂದು ಭಾಗ ವಸತಿ ಮಂಡಳಿಗೆ, ಒಂದು ಭಾಗ ಮಾಲೀಕರಿಗೆ ಎಂದಿತ್ತು. 2001ರಲ್ಲಿ ಅದನ್ನು ತಿದ್ದಿ, ಈ ಹಂಚಿಕೆ ಖಾಲಿ ಇರುವ ಜಾಗಕ್ಕೆ ಮಾತ್ರ ಎಂದರು. ಗಿರಣಿ ಎಂದ ಮೇಲೆ ನೆಲದ ತುಂಬ ಕಟ್ಟಡಗಳೇ ಇರುತ್ತವೆ. ಖಾಲಿ ಜಾಗ ಎಷ್ಟು ಉಳಿದೀತು? ಲೋವರ್ ಪರೇಲಿನ ಫೀನಿಕ್ಸ್ ಗಿರಣಿ ಮಾಲ್ ಆಯಿತು, ಕಮಲಾ ಗಿರಣಿಯ ಆವರಣಕ್ಕೆ ಕಚೇರಿ, ರೆಸ್ಟೋರೆಂಟುಗಳು ಬಂದವು. ಅಂಕಿಅಂಶದಲ್ಲಿ ಲೋವರ್ ಪರೇಲ್ ಅಚ್ಚುಕಟ್ಟಾಗಿ ‘ಸೇವಾ ವಲಯ’ಕ್ಕೆ ದಾಟಿತು. ಗಿರಣಿಯವರಲ್ಲಿ ಹಲವರು ಕೈಗಾಡಿ ಇಟ್ಟರು, ಕಾವಲಿಗೆ ನಿಂತರು, ಇನ್ನು ಹಲವರು ಕೊಂಕಣದ ಊರುಗಳಿಗೆ ಮರಳಿದರು. ನಿಮ್ಮ ಅಜ್ಜನನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಬೊಂಬಾಯಿಯ ಲೆಕ್ಕದಿಂದ ಅವರು ಹೊರಗೆ, ಅಂಕೋಲಾದ ಲೆಕ್ಕದಲ್ಲಿ ಬೇಸಾಯಗಾರರು. ಅಂಕೋಲಾದವರೇ ಆದ ದಿನಕರ ದೇಸಾಯಿಯವರು ಬೊಂಬಾಯಿಯಲ್ಲಿ ನಾವಿಕರ ಸಂಘ ಕಟ್ಟಿ ದುಡಿದವರು. ಚುಟುಕಗಳ ಗದ್ದಲದಲ್ಲಿ ಅವರ ಆ ಕೆಲಸವನ್ನು ನಾವು ಮರೆತಿದ್ದೇವೆ. ಊರು ಬಿಟ್ಟು ದುಡಿಯಲು ಹೋದವನ ಹೆಸರು ಎರಡೂ ಕಡೆಯ ಪುಸ್ತಕದಲ್ಲಿ ಸರಿಯಾಗಿ ಏರುವುದಿಲ್ಲ ಎಂಬುದು ಈ ಜಿಲ್ಲೆಯವರಿಗೆ ಹೊಸ ಮಾತಲ್ಲ.

ಬೆಂಗಳೂರಿನ ಕಥೆಯಲ್ಲಿ ಬೇರೆ ತಿರುವು ಇದೆ. 1940ರಲ್ಲಿ ವಿಮಾನ ಕಾರ್ಖಾನೆ (ಈಗಿನ ಎಚ್‌ಎಎಲ್), 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್. ಇವು ಊರಿಗೆ ಕೊಟ್ಟದ್ದು ಕೆಲಸ ಮಾತ್ರವಲ್ಲ. ಕೈಕೆಲಸ ಬಲ್ಲವರ, ಎಂಜಿನಿಯರುಗಳ ಒಂದು ದೊಡ್ಡ ಬಳಗ. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ನೆಲ ಸಿದ್ಧಪಡಿಸಿದಾಗ ಅಂದುಕೊಂಡದ್ದು ಎಲೆಕ್ಟ್ರಾನಿಕ್ ವಸ್ತು ತಯಾರಿಸುವ ಕೈಗಾರಿಕಾ ವಸಾಹತನ್ನು. ಸಾಫ್ಟ್‌ವೇರ್ ಆಮೇಲೆ ಬಂದು ಆ ಹೆಸರಿನ ಅರ್ಥವನ್ನೇ ಬದಲಿಸಿತು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು ಹವೆ ತಂಪಾಗಿದೆ ಎಂಬ ಒಂದೇ ಕಾರಣಕ್ಕೆ ಎಂದು ನಂಬುವವರು ಇನ್ನೂ ಇದ್ದಾರೆ. ಹವೆ ನಮ್ಮ ಶಿರಸಿಯಲ್ಲೂ ತಂಪಾಗಿಯೇ ಇದೆ! ಅಲ್ಲಿ ಕಾರ್ಖಾನೆಗಳು, ಭಾರತೀಯ ವಿಜ್ಞಾನ ಸಂಸ್ಥೆ, ಬಾಹ್ಯಾಕಾಶ ಸಂಸ್ಥೆ ಸೇರಿ ನಾಲ್ಕು ದಶಕ ಹದ ಮಾಡಿದ ಮಣ್ಣಿತ್ತು. ನಿಮ್ಮ ಅಪ್ಪನ ಪೀಳಿಗೆಯ ವಲಯವೇ ಈಗಿನ ಸೇವಾ ವಲಯಕ್ಕೆ ತಾಯಿ. ತಾಯಿಯ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಹಾಗಾದರೆ ಕಾರ್ಖಾನೆಗಳಿಗೆ ಆದದ್ದೇನು? ಕೈಗಡಿಯಾರವನ್ನೇ ತೆಗೆದುಕೊಳ್ಳಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಗಡಿಯಾರ ಮಾಡತೊಡಗಿತು. 2016ರಲ್ಲಿ ಅದರ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ಈ ನಡುವೆ ಭಾರತೀಯರು ಗಡಿಯಾರ ಕಟ್ಟುವುದನ್ನು ನಿಲ್ಲಿಸಲಿಲ್ಲ. 1980ರ ದಶಕದಲ್ಲಿ ಟೈಟಾನ್ ಹುಟ್ಟಿ, ಕ್ವಾರ್ಟ್ಜ್ ಗಡಿಯಾರಗಳನ್ನು ಹೊಸೂರಿನಲ್ಲಿ ಮಾಡಿತು. ಹೊಸೂರು ಬೆಂಗಳೂರಿನಿಂದ ನಲವತ್ತು ಕಿಲೋಮೀಟರ್. ಉದ್ಯಮ ಸಾಯಲಿಲ್ಲ, ರಾಜ್ಯದ ಗಡಿ ದಾಟಿ ಆಚೆ ಕೂತಿತು. ನಗರದ ಲೆಕ್ಕ ಬರೆಯುವವನಿಗೆ ಇದು ಕಾರ್ಖಾನೆ ಯುಗದ ಅಂತ್ಯದಂತೆ ಕಾಣುತ್ತದೆ, ಹೊಸೂರಿನವನಿಗೆ ಆರಂಭದಂತೆ.

ಈ ಹೊರವಲಸೆಗೆ ದೊಡ್ಡ ಕಾರಣ ನೆಲದ ಬೆಲೆ. ಇದನ್ನು ಒಂದು ಚಿತ್ರದಲ್ಲಿ ಹೇಳಬಹುದು: ಲೋಹ ಕಡೆಯುವ ಲೇತ್ ಯಂತ್ರವನ್ನು ಹತ್ತನೆಯ ಮಹಡಿಗೆ ಏರಿಸಲಾಗುವುದಿಲ್ಲ, ಕಂಪ್ಯೂಟರನ್ನು ಏರಿಸಬಹುದು. ಭಾರದ ಯಂತ್ರಕ್ಕೆ ಗಟ್ಟಿ ನೆಲ, ಲಾರಿ ತಿರುಗಲು ಅಂಗಳ, ಕಬ್ಬಿಣ ಪೇರಿಸಲು ಜಾಗ ಬೇಕು. ಒಂದು ಎಕರೆಯಲ್ಲಿ ಯಂತ್ರಗಳ ಸುತ್ತ ನೂರು ಜನ ನಿಲ್ಲುವ ಕಡೆ, ಮಹಡಿಯ ಮೇಲೆ ಮಹಡಿ ಕಟ್ಟಿ ಸಾವಿರಾರು ಜನರನ್ನು ಕೂರಿಸಬಹುದು. ಎಕರೆಗೆ ಬರುವ ಬಾಡಿಗೆಯಲ್ಲಿ ಲೇತ್ ಎಂದೂ ಗೆಲ್ಲದು. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದ ಮೇಲೆ ಇಂದು ಮಂತ್ರಿ ಮಾಲ್ ಇದೆ. ಯಶವಂತಪುರದ ಕಡೆ ಕಿರ್ಲೋಸ್ಕರ್ ಕಾರ್ಖಾನೆ ಇದ್ದಲ್ಲಿ ಒರಾಯನ್ ಮಾಲ್, ಎತ್ತರದ ಕಚೇರಿ ಕಟ್ಟಡ. ಎಲ್ಲಕ್ಕಿಂತ ಸ್ವಚ್ಛವಾದ ಉದಾಹರಣೆ ಆಡುಗೋಡಿಯ ಹಳೆಯ ಮೈಕೋ, ಈಗಿನ ಬಾಷ್. ತಯಾರಿಕೆಯನ್ನು ಬಿಡದಿಗೆ ಕಳಿಸಿದ ಕಂಪನಿ, ಆಡುಗೋಡಿಯ ಅದೇ ಆವರಣವನ್ನು ಎಂಜಿನಿಯರುಗಳ ತಂತ್ರಜ್ಞಾನ ಕೇಂದ್ರ ಮಾಡಿಕೊಂಡಿತು. ಮಾಲೀಕ ಅದೇ, ನೆಲ ಅದೇ. ನಗರದ ಅಂಕಿಅಂಶದಲ್ಲಿ ಮಾತ್ರ ತಯಾರಿಕೆ ಇಳಿಯಿತು, ಸೇವೆ ಏರಿತು. ಬಿಡದಿ, ನರಸಾಪುರ, ಹೊಸೂರು, ತುಮಕೂರು; ಐಫೋನ್ ಜೋಡಿಸುವುದು ಕೋಲಾರದ ನರಸಾಪುರದಲ್ಲಿ, ಎಚ್‌ಎಎಲ್ 2023ರಲ್ಲಿ ತೆರೆದ ಹೆಲಿಕಾಪ್ಟರ್ ಕಾರ್ಖಾನೆ ಗುಬ್ಬಿ ತಾಲ್ಲೂಕಿನಲ್ಲಿ. ಬೆಂಗಳೂರಿನ ಕಾರ್ಖಾನೆಯನ್ನು ಹುಡುಕುವವರು ಈಗ ಬೆಂಗಳೂರಿನಲ್ಲಿ ಹುಡುಕಬಾರದು.

ಊರೊಳಗೆ ಉಳಿದ ಕಾರ್ಖಾನೆಯೂ ಇದೆ, ಆದರೆ ‘ಕಾರ್ಮಿಕ’ ಎಂದೊಡನೆ ಮೀಸೆ ಹೊತ್ತ ಗಂಡಸನ್ನು ನೆನೆಯುವ ನಮಗೆ ಅದು ಕಾಣುವುದಿಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವ ಲಕ್ಷಾಂತರ ಜನರಲ್ಲಿ ಬಹುಪಾಲು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾದಾಗ ಅವರೇ ರಸ್ತೆಗಿಳಿದು ಬೆಂಗಳೂರನ್ನು ನಿಲ್ಲಿಸಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಕಾರ್ಖಾನೆಯ ಕಾಲ ಮುಗಿದಿದ್ದ ಊರಿನಲ್ಲಿ ಇದು ಆಗುತ್ತಿರಲಿಲ್ಲ.

ಇನ್ನು ಹಣೆಪಟ್ಟಿಯ ಆಟ. ಬೈತಖೋಲದಲ್ಲಿ ಮೀನು ಹಿಡಿದವನು ಮೊದಲನೆಯ ವಲಯ. ಅದೇ ಮೀನನ್ನು ಸಂಸ್ಕರಣಾ ಘಟಕದಲ್ಲಿ ಹೆಚ್ಚಿ ಪೊಟ್ಟಣ ಕಟ್ಟಿದವಳು ತಯಾರಿಕೆ. ಲಾರಿಯಲ್ಲಿ ಹೊತ್ತು ಹೋದವನು, ಪೇಟೆಯಲ್ಲಿ ಬುಟ್ಟಿ ಇಟ್ಟು ಮಾರುವವಳು ಸೇವೆ. ಈ ಗೆರೆಗಳು ಕೆಲಸದ ಸ್ವಭಾವಕ್ಕಿಂತ ಸಂಬಳ ಕೊಡುವವನ ದಂಧೆಯ ಮೇಲೆ ಎಳೆದವು. ನಿಮ್ಮ ಅಪ್ಪನ ಕಾಲದ ಕಾರ್ಖಾನೆಯಲ್ಲಿ ಕ್ಯಾಂಟೀನಿನ ಅಡುಗೆಯವರು, ಗೇಟಿನ ಕಾವಲುಗಾರರು, ತೋಟದ ಮಾಲಿ, ಬಸ್ ಚಾಲಕರು ಎಲ್ಲರೂ ಕಂಪನಿಯ ನೌಕರರೇ. ಹಾಗಾಗಿ ಸಾರು ಕುದಿಸುವವನೂ ತಯಾರಿಕಾ ವಲಯದ ನೌಕರ. ಮುಂದೆ ಈ ಕೆಲಸಗಳನ್ನೆಲ್ಲ ಹೊರಗಿನ ಏಜೆನ್ಸಿಗಳಿಗೆ ಕೊಟ್ಟರು. ಅದೇ ಗೇಟು, ಅದೇ ಕುರ್ಚಿ, ಬಹುಶಃ ಅದೇ ಮನುಷ್ಯ, ಆದರೆ ಈಗ ಅವನು ಸೇವಾ ವಲಯ. ಅರ್ಥಶಾಸ್ತ್ರಜ್ಞ ಜಗದೀಶ ಭಗವತಿಯವರು 1984ರಷ್ಟು ಹಿಂದೆಯೇ ಇದನ್ನು ಗುರುತಿಸಿ, ಮರದಿಂದ ಸಿಬಿರು ಎದ್ದಂತೆ ಸರಕಿನ ಉತ್ಪಾದನೆಯಿಂದ ಸೇವೆಗಳು ಸೀಳಿ ಬೇರೆಯಾಗುತ್ತವೆ ಎಂಬ ಅರ್ಥದ ಮಾತು ಬರೆದರು. ನಗರದಲ್ಲಿ ಸೇವಾ ಉದ್ಯೋಗ ಇಷ್ಟು ಬೆಳೆಯಿತು ಎಂಬ ಸುದ್ದಿ ಓದಿದಾಗಲೆಲ್ಲ ಅದರಲ್ಲಿ ಹೊಸದಾಗಿ ಹುಟ್ಟಿದ್ದೆಷ್ಟು, ಹೆಸರು ಬದಲಿಸಿಕೊಂಡದ್ದೆಷ್ಟು ಎಂದು ನಾನು ಅನುಮಾನಿಸುತ್ತೇನೆ. ಹೆಸರು ಬದಲಾದದ್ದರಿಂದ ಏನು ಕಷ್ಟ ಎಂದರೆ, ಹೆಸರಿನ ಜೊತೆ ಸಂಬಳ, ರಜೆ, ಗ್ರಾಚ್ಯುಯಿಟಿ, ಸಂಘ ಎಲ್ಲವೂ ಬದಲಾಗುತ್ತವೆ.

ನಮ್ಮ ಕಡೆಯ ಇನ್ನೊಂದು ಉದಾಹರಣೆ ಕೊಡದಿದ್ದರೆ ಕೈ ಸುಮ್ಮನಿರದು. ಅಡಿಕೆ ಮರ ಹತ್ತುವ ಕೊನೆಗೌಡ ಇವತ್ತು ಅವನ ಅಜ್ಜನಿಗಿಂತ ಹೆಚ್ಚು ಮರ ಹತ್ತುತ್ತಾನೆಯೇ? ಇಲ್ಲ. ಆದರೆ ಅವನ ಕೂಲಿ, ಬೇರೆ ಬೆಲೆಗಳ ಏರಿಕೆ ಕಳೆದು ನೋಡಿದರೂ, ಎಷ್ಟೋ ಪಟ್ಟು ಏರಿದೆ. ಏಕೆಂದರೆ ಅವನು ಗೋವಾಕ್ಕೋ ಬೆಂಗಳೂರಿಗೋ ಹೋದರೆ ಯಂತ್ರದ ಬಲದಿಂದ ದುಡಿಮೆ ಬೆಳೆಸಿಕೊಂಡ ಉದ್ಯಮಗಳು ಅಷ್ಟು ಕೊಡುತ್ತವೆ. ಅವನನ್ನು ತೋಟದಲ್ಲಿ ಉಳಿಸಿಕೊಳ್ಳಲು ನಾವೂ ಅಷ್ಟು ಕೊಡಲೇಬೇಕು. ವಿಲಿಯಂ ಬೌಮೊಲ್ ಎಂಬ ಅರ್ಥಶಾಸ್ತ್ರಜ್ಞ 1960ರ ದಶಕದಲ್ಲಿ ಸಂಗೀತ ಕಛೇರಿಗಳ ಖರ್ಚು ನೋಡುತ್ತ ಹಿಡಿದ ಸೂತ್ರ ಇದೇ. ಅವರು ಪಾಶ್ಚಾತ್ಯ ವಾದ್ಯಮೇಳದ ಮಾತಾಡಿದರು. ನಾವು ಯಕ್ಷಗಾನ ಎಂದುಕೊಳ್ಳೋಣ: ನೂರು ವರ್ಷದ ಹಿಂದೆ ಒಂದು ಪ್ರಸಂಗಕ್ಕೆ ಭಾಗವತ, ಮದ್ದಲೆ, ಚಂಡೆ ಎಷ್ಟು ಬೇಕಿತ್ತೋ ಇಂದೂ ಅಷ್ಟೇ ಬೇಕು; ಅರ್ಧ ಭಾಗವತನಿಂದ ಆಟ ಆಗುವುದಿಲ್ಲ. ಹೀಗಾಗಿ ಯಂತ್ರ ಹೊಕ್ಕಲ್ಲಿ ಸರಕು ಅಗ್ಗವಾಗಿ ಕೈಗಳು ಕಡಿಮೆಯಾಗುತ್ತವೆ. ಯಂತ್ರ ಹೊಗದ ಪಾಠ, ಶುಶ್ರೂಷೆ, ಕ್ಷೌರ, ಅಡುಗೆಯಲ್ಲಿ ಕೈಗಳು ಉಳಿದು ಬೆಲೆ ಏರುತ್ತದೆ. ನಗರದ ಸೇವಾ ಉದ್ಯೋಗದ ದೊಡ್ಡ ಪಾಲು ಸೇವೆಯ ವೈಭವದಿಂದ ಬಂದದ್ದಲ್ಲ; ಅಲ್ಲಿ ಮನುಷ್ಯನ ಬದಲಿಗೆ ಇಡಲು ಇನ್ನೂ ಏನೂ ಸಿಕ್ಕಿಲ್ಲ. ಅಡಿಕೆ ತೋಟಕ್ಕೆ ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ, ಒಬ್ಬನೇ ಹೆಚ್ಚು ಮರ ಮುಗಿಸುತ್ತಾನೆ. ಈ ಸೂತ್ರ ಅಲ್ಲಿ ಸಡಿಲವಾಗುವುದನ್ನು ನಾನು ನಮ್ಮ ತೋಟದಲ್ಲೇ ನೋಡುತ್ತಿದ್ದೇನೆ.

ಏಳಿಗೆಯೋ ಟೊಳ್ಳೋ ಎಂದಿರಿ. ‘ಸೇವಾ ವಲಯ’ ಎಂಬ ಗೋಣಿಚೀಲದೊಳಗೆ ಏನೇನಿದೆ ನೋಡದೆ ತೂಗಲಾಗದು. ಚಿಪ್ ವಿನ್ಯಾಸ ಮಾಡುವವರು ಅದರಲ್ಲಿದ್ದಾರೆ, ಊಟದ ಪೊಟ್ಟಣ ಹೊತ್ತು ಬೈಕ್ ಓಡಿಸುವ ಹುಡುಗನೂ ಇದ್ದಾನೆ. ಇಬ್ಬರಿಗೂ ಸಂಬಂಧವಿದೆ. ಎನ್ರಿಕೊ ಮೊರೆಟ್ಟಿ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ನಗರಗಳನ್ನು ಅಳೆದು, ಒಂದು ತಯಾರಿಕಾ ಕೆಲಸ ಬಂದರೆ ಅದೇ ಊರಲ್ಲಿ ಸುಮಾರು 1.6 ಸ್ಥಳೀಯ ಸೇವಾ ಕೆಲಸ ಹುಟ್ಟುತ್ತದೆ, ಉನ್ನತ ತಂತ್ರಜ್ಞಾನದ ಒಂದು ಕೆಲಸಕ್ಕೆ ಸುಮಾರು ಐದು ಹುಟ್ಟುತ್ತವೆ ಎಂದರು. ಅಮೆರಿಕದ ಅಂಕಿಯನ್ನು ಹಾಗೇ ಇಲ್ಲಿಗೆ ತರಬಾರದು, ಆದರೆ ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬೆಳಗ್ಗೆ ಏಳು ಗಂಟೆಗೆ ನಿಂತರೆ ಆ ಐದು ಜನ ಒಳಗೆ ಹೋಗುವುದು ಕಾಣುತ್ತದೆ. ಅಡುಗೆಗೆ ಹೋಗುವವರಲ್ಲಿ, ಸತ್ಯನಾರಾಯಣ ಪೂಜೆಯ ಚೀಲ ಹಿಡಿದವರಲ್ಲಿ ನಮ್ಮ ಸಿದ್ದಾಪುರ, ಹೊನ್ನಾವರದ ಕಡೆಯವರೂ ಇರುತ್ತಾರೆ. ಸಾಫ್ಟ್‌ವೇರ್ ಹುಟ್ಟುವ ಮೊದಲೇ ಸೇವೆ ರಫ್ತು ಮಾಡಿದ ಜಿಲ್ಲೆ ನಮ್ಮದು.

ನನ್ನ ಚಿಂತೆ ಇರುವುದು ಏಣಿಯ ವಿಷಯದಲ್ಲಿ. ನಿಮ್ಮ ಅಪ್ಪ ಕಾರ್ಖಾನೆಗೆ ಹೋದಾಗ ಕೈಯಲ್ಲಿ ಇದ್ದದ್ದು ಏನು? ಆ ಪೀಳಿಗೆಯ ಹೆಚ್ಚಿನವರಂತೆ ಹತ್ತನೆಯ ತರಗತಿ, ಹೆಚ್ಚೆಂದರೆ ಐಟಿಐ. ತರಬೇತಿಯ ಹುಡುಗನಾಗಿ ಒಳಹೊಕ್ಕು, ಯಂತ್ರ ಕಲಿತು, ದರ್ಜೆ ಏರಿ, ಕೊನೆಗೆ ಹತ್ತು ಜನರ ಮೇಲ್ವಿಚಾರಕನಾಗುವ ದಾರಿ ಕಾರ್ಖಾನೆಯ ಒಳಗೇ ಇತ್ತು. ಕ್ವಾರ್ಟರ್ಸ್, ಭವಿಷ್ಯನಿಧಿ, ಸಬ್ಸಿಡಿ ಕ್ಯಾಂಟೀನು ಇದ್ದವು. ನವೆಂಬರಿನಲ್ಲಿ ಕಾರ್ಖಾನೆಯ ಕನ್ನಡ ಸಂಘದ ರಾಜ್ಯೋತ್ಸವವೂ ಇತ್ತು. 1980ರ ಡಿಸೆಂಬರಿನಲ್ಲಿ ಶುರುವಾಗಿ 77 ದಿನ ನಡೆದ ಸಾರ್ವಜನಿಕ ವಲಯದ ಮುಷ್ಕರವನ್ನು ಕೇಳಿ ನೋಡಿ, ಅವರಿಗೆ ನೆನಪಿರುತ್ತದೆ. ಏಣಿ ಇದ್ದವರು ಮಾತ್ರ ಅಷ್ಟು ದಿನ ಒಟ್ಟಾಗಿ ನಿಲ್ಲಬಲ್ಲರು. ಸೇವಾ ವಲಯದ ಏಣಿಗೆ ಮೇಲಿನ ಮೆಟ್ಟಿಲುಗಳಿವೆ, ಕೆಳಗಿನವೂ ಇವೆ, ನಡುವೆ ತೆರಪು. ಮೇಲೆ ಹತ್ತಲು ಪದವಿ, ಇಂಗ್ಲಿಷ್ ಎರಡನ್ನೂ ಮನೆಯಿಂದಲೇ ತರಬೇಕು. ಹನ್ನೆರಡು ಗಂಟೆ ಪಾಳಿಯ ಕಾವಲುಗಾರ ಹತ್ತು ವರ್ಷದ ನಂತರವೂ ಕಾವಲುಗಾರನೇ, ಸಮವಸ್ತ್ರದ ಬಣ್ಣ ಬದಲಾಗಿರುತ್ತದೆ. ನರ್ಸಿಂಗ್, ಪ್ರಯೋಗಾಲಯ, ಬ್ಯಾಂಕು, ಲೆಕ್ಕಪತ್ರದಂಥ ಕಡೆ ನಡುವಿನ ಮೆಟ್ಟಿಲು ಇದೆ ಎಂದು ಒಪ್ಪುತ್ತೇನೆ; ಆದರೆ ಕಾರ್ಖಾನೆ ಎತ್ತಿಕೊಂಡಷ್ಟು ಜನರನ್ನು ಅವು ಎತ್ತಿಕೊಂಡಿಲ್ಲ.

ಇಡೀ ದೇಶದ ಚಿತ್ರವೂ ಸಮಾಧಾನ ತರುವಂಥದ್ದಲ್ಲ. 2023-24ರ ಸರ್ಕಾರಿ ಕಾರ್ಮಿಕ ಸಮೀಕ್ಷೆಯಂತೆ ದುಡಿಯುವವರಲ್ಲಿ ಶೇಕಡ 46ರಷ್ಟು ಇನ್ನೂ ಕೃಷಿಯಲ್ಲಿದ್ದಾರೆ, ತಯಾರಿಕೆಯಲ್ಲಿ ಶೇಕಡ 11ರ ಆಸುಪಾಸು. ಇಂಗ್ಲೆಂಡಿನಂಥ ದೇಶ ಕಾರ್ಖಾನೆಯಲ್ಲಿ ಮೂರರಲ್ಲೊಬ್ಬರನ್ನು ಇಟ್ಟುಕೊಂಡು ಬೆಳೆದು, ಶ್ರೀಮಂತವಾದ ಮೇಲೆ ಸೇವೆಗೆ ಹೊರಳಿತು. ನಮ್ಮಂಥ ದೇಶಗಳು ಅಷ್ಟು ಎತ್ತರ ಮುಟ್ಟುವ ಮೊದಲೇ ಇಳಿಯುತ್ತಿವೆ. ಅರ್ಥಶಾಸ್ತ್ರಜ್ಞ ಡಾನಿ ರಾಡ್ರಿಕ್ ಇದನ್ನು ಅಕಾಲಿಕ ಕೈಗಾರಿಕಾ ಇಳಿತ ಎಂದು ಕರೆಯುತ್ತಾರೆ. ತೆಂಗು ಎಳನೀರಾಗುವ ಮೊದಲೇ ಉದುರಿದಂತೆ. ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾನೂನು ಮಾಡಿದೆ, ಒಳ್ಳೆಯದೇ. ಆದರೆ ಅದು ಕೆಳಗಿನ ಮೆಟ್ಟಿಲಿಗೆ ಹಾಕಿದ ಹಾಸು. ನಡುವಿನ ಮೆಟ್ಟಿಲನ್ನು ಅದು ಕಟ್ಟುವುದಿಲ್ಲ.

ಕೇಣಿಯ ಬಂದರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2023ರಲ್ಲಿ ಜೆಎಸ್‌ಡಬ್ಲ್ಯು ಸಮೂಹಕ್ಕೆ ಒಪ್ಪಿಸಿದ ಯೋಜನೆ ಅದು, ಮೀನುಗಾರರು ವಿರೋಧಿಸುತ್ತಿದ್ದಾರೆ. ಪರ ವಿರೋಧದ ತೀರ್ಪು ಕೊಡಲು ನೀವು ನನ್ನನ್ನು ಕೇಳಿಲ್ಲ, ಕೆಲಸದ ಬಗ್ಗೆ ಕೇಳಿದ್ದೀರಿ. ಇಂದಿನ ಆಳ ಬಂದರು ಕನ್ವೇಯರ್ ಪಟ್ಟಿ, ಕ್ರೇನುಗಳ ಜಾಗ, ಮೂಟೆ ಹೊರುವ ಕೂಲಿಗಳ ಜಾಗವಲ್ಲ. ಕಟ್ಟುವ ವರ್ಷಗಳಲ್ಲಿ ಕೈಗಳು ಬಹಳ ಬೇಕು, ನಡೆಸುವ ವರ್ಷಗಳಲ್ಲಿ ಕಡಿಮೆ. ಆದ್ದರಿಂದ ಯಾರಾದರೂ ಇಷ್ಟು ಸಾವಿರ ಉದ್ಯೋಗ ಎಂದರೆ, ಕಟ್ಟುವಾಗಲೋ ಕಟ್ಟಿದ ಮೇಲೋ ಎಂದು ಕೇಳಿ. ಅದರ ಜೊತೆ ದಡದಲ್ಲಿ ಈಗ ದುಡಿಯುವವರ ಎಣಿಕೆಯನ್ನೂ ಕೇಳಿ. ಒಣಮೀನು ಹರಡುವ ಹೆಂಗಸರು ಅದರಲ್ಲಿ ಇದ್ದಾರೆಯೇ ನೋಡಿ. ನಮ್ಮ ಕರಾವಳಿಗೆ ಬಂದರಿನ ಆಸೆ ಹೊಸದಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಮುಗಿಲು ಮುಟ್ಟಿದಾಗ ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹಡಗು ಏರುತ್ತಿತ್ತು. ಬೊಂಬಾಯಿ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಕುಮಟಾದ ಹೊಲದಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ ಎಂಬುದು ಬೇರೆ ಮಾತು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯನ್ನು ಮುಟ್ಟಿ ಮರ್ಮಗೋವಾದ ದಾರಿ ತೆರೆದ ಮೇಲೆ ಗಾಡಿಗಳು ಘಟ್ಟ ಇಳಿಯುವುದು ನಿಂತಿತು. ಹತ್ತಿಗೆ ಹೆಸರು ಉಳಿಯಿತು, ಕುಮಟಾಕ್ಕೆ ಕೆಲಸ ಉಳಿಯಲಿಲ್ಲ.

ಇನ್ನು ಮಗ. ತಯಾರಿಕೆಯೋ ಸೇವೆಯೋ ಎಂದು ಆರಿಸಬೇಡಿ. ಆ ಗೆರೆ ಎಷ್ಟು ತೆಳುವೆಂದು ಇಷ್ಟು ಹೊತ್ತು ಹೇಳಿದ್ದೇನೆ. ಲಿಫ್ಟ್ ದುರಸ್ತಿ, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದ ನಿರ್ವಹಣೆ, ದೊಡ್ಡ ಕಟ್ಟಡದ ಹವಾನಿಯಂತ್ರಣ, ಸೌರ ಫಲಕ ಅಳವಡಿಕೆ ಇವೆಲ್ಲ ಅಂಕಿಅಂಶದ ಪ್ರಕಾರ ಕಾರ್ಖಾನೆಯ ಹೊರಗಿನವು, ಕೈಯ ಪ್ರಕಾರ ನಿಮ್ಮ ಅಪ್ಪನ ಕೆಲಸದ ತಮ್ಮಂದಿರು. ನಡುವಿನ ಮೆಟ್ಟಿಲು ನನಗೆ ಇವತ್ತು ಹೆಚ್ಚಾಗಿ ಕಾಣುವುದು ಅಲ್ಲಿ. ಡಿಪ್ಲೊಮಾದಿಂದ ಬಾಗಿಲು ಮುಚ್ಚುವುದಿಲ್ಲ ಎಂದು ನಿಮ್ಮ ಮನೆಯವರಿಗೆ ತಿಳಿಸಿ: ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಕಾರವಾರದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ನೌಕಾನೆಲೆಯ ಹಡಗು ದುರಸ್ತಿ ಅಂಗಳ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಕೈಗಾ ಅಣುಸ್ಥಾವರದಲ್ಲಿ ಈಗಿರುವ 220 ಮೆಗಾವಾಟಿನ ನಾಲ್ಕು ಘಟಕಗಳ ಪಕ್ಕದಲ್ಲಿ 700 ಮೆಗಾವಾಟಿನ ಎರಡು ಏಳುತ್ತಿವೆ. ಬಿಕಾಂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಲೆಕ್ಕದಲ್ಲಿ ರುಚಿ ಇರುವ ಹುಡುಗ ಸಿಎ ಕಡೆಗೋ ಬ್ಯಾಂಕಿನ ಪರೀಕ್ಷೆಯ ಕಡೆಗೋ ಮುಖ ಮಾಡಿದ್ದರೆ ಅದೂ ಏಣಿಯೇ. ರುಚಿಯಿಲ್ಲದೆ, ‘ಬೆಂಗಳೂರಿಗೆ ಹೋದರೆ ಏನಾದರೂ ಸಿಗುತ್ತದೆ’ ಎಂದು ಮಾಡಿಸುವ ಬಿಕಾಂ ಬಗ್ಗೆ ಮಾತ್ರ ನನ್ನ ತಕರಾರು. ನನ್ನ ತರಗತಿಯಲ್ಲಿ ಅಂಥ ಹುಡುಗರು ಕೊನೆಯ ಬೆಂಚಿನಲ್ಲಿ ಕೂತು ಮೂರು ವರ್ಷ ಕಿಟಕಿ ನೋಡಿದ್ದನ್ನು ಕಂಡಿದ್ದೇನೆ. ಯಾವ ಕೆಲಸ ಬಂದರೂ ನೇಮಕ ಪತ್ರಕ್ಕೆ ಸಹಿ ಹಾಕಿದವರು ಕಂಪನಿಯವರೋ ಏಜೆನ್ಸಿಯವರೋ ನೋಡಿ, ಭವಿಷ್ಯನಿಧಿಯ ಖಾತೆ ಸಂಖ್ಯೆ ಕೇಳಿ, ಐದು ವರ್ಷದ ಹಿಂದೆ ಅದೇ ಕುರ್ಚಿಯಲ್ಲಿದ್ದವನು ಈಗ ಎಲ್ಲಿದ್ದಾನೆ ಎಂದು ವಿಚಾರಿಸಿ.

ಅರ್ಜಿ ತುಂಬುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಅಪ್ಪನಿಗೆ ಮೈ ಹುಷಾರಿದ್ದರೆ ಅಂಕೋಲಾದಲ್ಲೋ ಕಾರವಾರದಲ್ಲೋ ಪರಿಚಯದ ಒಂದು ಲೇತ್ ವರ್ಕ್‌ಶಾಪಿಗೆ ಮೊಮ್ಮಗನನ್ನು ಕರೆದುಕೊಂಡು ಹೋಗಲಿ. ಬೆಳಗ್ಗಿನಿಂದ ಸಂಜೆಯವರೆಗೆ ಹುಡುಗ ಅಲ್ಲಿ ನಿಲ್ಲಲಿ, ಮೊಬೈಲ್ ಮನೆಯಲ್ಲಿರಲಿ. ರಾತ್ರಿ ಊಟಕ್ಕೆ ಕುಳಿತಾಗ ಅವನು ಮೊದಲು ಮಾತೆತ್ತುವುದು ಕಾಲು ನೋವಿನದ್ದೋ ಯಂತ್ರದ್ದೋ, ನಿಮ್ಮ ಮನೆಯವರೇ ಕೇಳಿಸಿಕೊಳ್ಳಲಿ.